ಮೂರನೆಯ ಸೆಲ್

ರತ್ನಪ್ರಭಾ ಅವರು ಸೋಲ್ಡರಿಂಗ್ ಐರನ್ ಕಾಯಿಸುತ್ತಾರೆ, ಪ್ಲಗ್ ಕೀಳುತ್ತಾರೆ, ಆಮೇಲೆ ಮುಟ್ಟಿಸುತ್ತಾರೆ. ಪ್ಲಗ್ ಹಾಕಿರುವಾಗ ಅದರ ತುದಿಯಲ್ಲಿ ಒಂದಿಷ್ಟು ಕರೆಂಟ್ ಸೋರುತ್ತಿರುತ್ತದೆ, ಅದು ನಮ್ಮ ಬೆರಳಿಗೆ ತಿಳಿಯುವುದಿಲ್ಲ, ಮೂವತ್ತು ವರ್ಷ ಹಳೆಯ ಚಿಪ್‌ಗೆ ತಿಳಿಯುತ್ತದೆ ಎನ್ನುತ್ತಾರೆ. ಪ್ಲಗ್ ಕಿತ್ತ ಮೇಲೆ ಸಾಕಷ್ಟು ಬಿಸಿ ಉಳಿಯುವುದು ಇಪ್ಪತ್ತು ಸೆಕೆಂಡು. ಅಷ್ಟರಲ್ಲಿ ಒಂದು ಬೆಸುಗೆ. ಮತ್ತೆ ಪ್ಲಗ್, ಮತ್ತೆ ಕಾಯುವುದು. ಬೇರೆಯವರು ಹತ್ತು ನಿಮಿಷದಲ್ಲಿ ಮುಗಿಸುವ ಕೆಲಸಕ್ಕೆ ಅವರಿಗೆ ಒಂದು ಗಂಟೆ ಬೇಕು.

ನಾವು ದೆಹಲಿಯ ಪೀತಮ್‌ಪುರದಲ್ಲಿ ಅವರ ಮೇಲಿನ ಮಹಡಿಯವರು. ಶಾಲೆಯ ಕೆಲಸ ಬಿಟ್ಟ ಮೇಲೆ ನಾನು ಹಗಲೆಲ್ಲ ಮನೆಯಲ್ಲೇ ಇರುವುದರಿಂದ ಅವರ ಬಾಲ್ಕನಿಗೆ ಹೋಗಿ ಕೂರುವುದು ಅಭ್ಯಾಸವಾಗಿದೆ. ಆದರೆ ನಾನು ಈಗ ಬರೆಯಲಿರುವ ದಿನ ಅಲ್ಲಿರಲಿಲ್ಲ, ಅಮ್ಮನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ನಡೆದದ್ದನ್ನು ರತ್ನಪ್ರಭಾ ಅವರಿಂದ ಮೂರು ಸಲ ಕೇಳಿದ್ದೇನೆ. ಆಮೇಲೆ ವಸಂತಿ ಅವರನ್ನೂ ಅವರ ಮಗ ರಿತೇಶನನ್ನೂ ಕೇಳಿ ಹೊಂದಿಸಿಕೊಂಡಿದ್ದೇನೆ. ಮೂವರ ಮಾತು ಎಲ್ಲಿ ಕೂಡುವುದಿಲ್ಲವೋ ಅಲ್ಲಿ ಹಾಗೆಂದೇ ಬರೆದಿದ್ದೇನೆ.

ಬಾಲ್ಕನಿಗೆ ಗಾಜು ಹಾಕಿಸಿ ಅವರು ಅದನ್ನೇ ಕೆಲಸದ ಕೋಣೆ ಮಾಡಿಕೊಂಡಿದ್ದಾರೆ. ಗೋಡೆಯ ಉದ್ದಕ್ಕೂ ಉಪ್ಪಿನಕಾಯಿಯ ಖಾಲಿ ಭರಣಿಗಳು, ಒಂದೊಂದರಲ್ಲಿ ಒಂದೊಂದು ಅಳತೆಯ ಸ್ಕ್ರೂ. ಕೆಳಗಿನ ಕಪಾಟಿನಲ್ಲಿ ಇಟ್ಟಿಗೆಗಳು ಒಂದರ ಮೇಲೊಂದು ಬೀಳುವ ಬ್ರಿಕ್ ಗೇಮ್‌ಗಳು, ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ವಿಡಿಯೋ ಗೇಮ್‌ಗಳು, ಅವುಗಳ ದಪ್ಪ ಕ್ಯಾಸೆಟ್‌ಗಳು. ಕ್ಯಾಸೆಟ್ ಓಡದಿದ್ದರೆ ಎಲ್ಲರೂ ಅದರ ಬಾಯಿಗೆ ಉಫ್ ಎಂದು ಊದುತ್ತಿದ್ದರಂತೆ. ಈಗಲೂ ಯಾರಾದರೂ ಊದಲು ಹೋದರೆ ರತ್ನಪ್ರಭಾ ಅವರು ಕೈ ಅಡ್ಡ ಹಿಡಿದು, "ಎಂಜಲು ಮಾಡಬೇಡಿ," ಎನ್ನುತ್ತಾರೆ. ಉಗುಳಿನ ತೇವಕ್ಕೇ ಒಳಗಿನ ತಾಮ್ರ ಕಿಲುಬು ಹಿಡಿಯುವುದು.

ಬರುವವರಲ್ಲಿ ಹೆಚ್ಚಿನವರು ಮೂವತ್ತು ದಾಟಿದವರು. ಮುಖರ್ಜಿ ನಗರದಲ್ಲಿ ಐದನೆಯ ಸಲ ಐಎಎಸ್ ಪರೀಕ್ಷೆಗೆ ಓದುತ್ತಿದ್ದ ಒಬ್ಬಾತ ತನ್ನ ಬ್ರಿಕ್ ಗೇಮ್ ತಂದಿದ್ದ. ರಿಪೇರಿಯಾದ ಮೇಲೆ ಅಲ್ಲೇ ಸ್ಟೂಲಿನ ಮೇಲೆ ಕುಳಿತು ನಲವತ್ತು ನಿಮಿಷ ಆಡಿದ. ಹೋಗುವಾಗ, "ಥ್ಯಾಂಕ್ಯೂ ಆಂಟಿ, ಇದರಲ್ಲಿ ಸೋತರೆ ಮನೆಗೆ ಫೋನ್ ಮಾಡಿ ಹೇಳಬೇಕಾಗಿಲ್ಲ," ಎಂದ. ಅವನು ಹಿಂದಿಯಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆದಿದ್ದೇನೆ.

ಆಟಗಳನ್ನು ಅವರು ಎಷ್ಟು ಬೇಕಾದರೂ ರಿಪೇರಿ ಮಾಡುತ್ತಾರೆ. ಡಿಜಿಟಲ್ ಡೈರಿಯನ್ನು ಮಾತ್ರ ಮುಟ್ಟುವುದಿಲ್ಲ. ಮುಟ್ಟುತ್ತಿರಲಿಲ್ಲ ಎಂದು ಬರೆಯಬೇಕು.

ಈಗಿನವರಿಗೆ ಡಿಜಿಟಲ್ ಡೈರಿ ಗೊತ್ತಿಲ್ಲ. ಅದು ಅಂಗೈ ಅಗಲದ, ಪುಸ್ತಕದಂತೆ ಮಡಚುವ ಯಂತ್ರ. ಒಂದು ಮಗ್ಗುಲಲ್ಲಿ ಬೂದುಬಣ್ಣದ ಸಣ್ಣ ಪರದೆ, ಇನ್ನೊಂದರಲ್ಲಿ ಇಂಗ್ಲಿಷ್ ಅಕ್ಷರಗಳ ಗುಂಡಿಗಳು. ಮೊಬೈಲ್ ಬರುವುದಕ್ಕೆ ಮೊದಲು ಅಧಿಕಾರಿಗಳು, ವ್ಯಾಪಾರಿಗಳು ಫೋನ್ ನಂಬರು, ವಿಳಾಸ, ಟಿಪ್ಪಣಿಗಳನ್ನು ಅದರಲ್ಲಿ ಇಡುತ್ತಿದ್ದರು. ಅದರ ಬೆನ್ನಿನಲ್ಲಿ ಬಿಲ್ಲೆಯಂಥ ಮೂರು ಸೆಲ್‌ಗಳು. ಎರಡು ಸೆಲ್ ಯಂತ್ರವನ್ನು ನಡೆಸುತ್ತವೆ. ಮೂರನೆಯದು ಪ್ರತ್ಯೇಕ ಮುಚ್ಚಳದ ಕೆಳಗೆ ಕೂತಿರುತ್ತದೆ, ಆ ಎರಡನ್ನು ಬದಲಾಯಿಸುವಾಗ ನೆನಪನ್ನು ಕಾಯುವುದಷ್ಟೇ ಅದರ ಕೆಲಸ. ಮೂರೂ ಒಟ್ಟಿಗೆ ಹೋದರೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಯಂತ್ರ ಹಾಗೆ ಮರೆತದ್ದು ತೆರೆದ ಕೂಡಲೇ ಗೊತ್ತಾಗುತ್ತದೆ. ಪರದೆಯ ಮೇಲೆ ಜನವರಿ ಒಂದು, ಹನ್ನೆರಡು ಗಂಟೆ ಎಂದು ಬಂದಿರುತ್ತದೆ.

ರತ್ನಪ್ರಭಾ ಅವರು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಸ್ಟೆನೋಗ್ರಾಫರ್ ಆಗಿದ್ದರು. ಡೈರಿಗಳು ಬಂದ ಕಾಲಕ್ಕೆ ಇಡೀ ಮಹಡಿಯ ಡೈರಿಗಳು ಅವರ ಮೇಜಿಗೆ ಬರುತ್ತಿದ್ದವು. ಪಕ್ಕದ ಮೇಜಿನ ಸುಮಿತ್ರಾ ಅವರಿಗೂ ಒಂದು ಡೈರಿ ಇತ್ತು. ಸುಮಿತ್ರಾ ಅದರಲ್ಲಿ ನಂಬರು ಬರೆಯುತ್ತಿರಲಿಲ್ಲ. ಮಾತು ಕಲಿಯುತ್ತಿದ್ದ ಮಗಳು ದಿನಕ್ಕೊಂದು ಹೊಸದಾಗಿ ಏನು ಹೇಳಿದಳೋ ಅದನ್ನು ಬಸ್ಸಿನಲ್ಲಿ ಕೂತು ಬರೆಯುತ್ತಿದ್ದರು, ಹನ್ನೊಂದು ತಿಂಗಳು ಬರೆದಿದ್ದರು. ಒಂದು ಮಧ್ಯಾಹ್ನ ಗುಂಡಿ ಸಿಕ್ಕಿಕೊಳ್ಳುತ್ತದೆ ಎಂದು ಕೊಟ್ಟರು. ರತ್ನಪ್ರಭಾ ಅವರು ಊಟದ ವಿರಾಮ ಮುಗಿಯುವುದರೊಳಗೆ ಆಗಲಿ ಎಂಬ ಅವಸರದಲ್ಲಿ ಮೂರೂ ಸೆಲ್ ತೆಗೆದು ಪೇಪರ್‌ವೇಟಿನ ಪಕ್ಕದಲ್ಲಿ ಸಾಲಾಗಿ ಇಟ್ಟರು. ಗುಂಡಿ ಸರಿಯಾಯಿತು. ಪರದೆಯ ಮೇಲೆ ಜನವರಿ ಒಂದು ಬಂತು.

"ಹೋಗ್ಲಿ ಬಿಡಿ ರತ್ನಾ," ಎಂದರಂತೆ ಸುಮಿತ್ರಾ. ಮರುವಾರ ಇನ್ನೊಂದು ಕಿಟಕಿಯ ಹತ್ತಿರದ ಮೇಜು ಕೇಳಿ ಪಡೆದರು. ಆಮೇಲೆ ಅವರಿಬ್ಬರೂ ಒಟ್ಟಿಗೆ ಊಟದ ಡಬ್ಬಿ ಬಿಚ್ಚಲಿಲ್ಲ.

ಅಂದಿನಿಂದ ಅವರ ನಿಯಮ ಒಂದೇ. ಆಟ ತನ್ನಿ, ಒಳಗೆ ಏನಾದರೂ ಬೇಕಾದದ್ದು ಇದ್ದರೆ ತರಬೇಡಿ.

ಕಳೆದ ಡಿಸೆಂಬರ್‌ನ ಒಂದು ಗುರುವಾರ ಬೆಳಗ್ಗೆ ಹತ್ತು ಗಂಟೆಯ ಸುಮಾರಿಗೆ ವಸಂತಿ ಮತ್ತು ರಿತೇಶ್ ಬಂದರು. ಅವರು ಘಾಜಿಯಾಬಾದ್‌ನವರು, ಅಲ್ಲಿ ಅವರದೊಂದು ದೋಸೆ-ಇಡ್ಲಿಯ ಹೋಟೆಲ್ ಇದೆ. ಮೂಲ ಉಡುಪಿಯ ಕಡೆ. ವಸಂತಿಗೆ ಐವತ್ತೆಂಟು, ಮಗನಿಗೆ ಇಪ್ಪತ್ತೊಂಬತ್ತು. ಮೆಟ್ರೋದಲ್ಲಿ ಬಂದಿದ್ದರು. ಒಳಗೆ ಬಂದವರೇ ವಸಂತಿ ಕೈಚೀಲದಿಂದ ರೇಷ್ಮೆಯ ತುಂಡೊಂದನ್ನು ತೆಗೆದು ಬಿಚ್ಚಿದರು. ಅದರಲ್ಲಿ ಡಿಜಿಟಲ್ ಡೈರಿ ಇತ್ತು. ಮೇಲೆಲ್ಲ ಒಣಗಿದ ಗಂಧ, ಕುಂಕುಮ.

"ಇದನ್ನು ನಾನು ಮಾಡಲ್ಲ," ಎಂದರು ರತ್ನಪ್ರಭಾ, ಮುಟ್ಟದೆಯೇ.

"ನೆನ್ನೆ ಹೋದ ಹೋದಲ್ಲೆಲ್ಲ ಅದನ್ನೇ ಅಂದ್ರು ಅಕ್ಕ. ಒಬ್ಬ ಭಯ್ಯಾ ಅಂತೂ ಮ್ಯೂಸಿಯಮ್‌ಗೆ ಕೊಡಿ ಅಂದ."

"ಒಳಗೇನಿದೆ?"

ವಸಂತಿ ಹೇಳಿದರು. ಅವರ ಗಂಡ ರತ್ನಾಕರ ತೀರಿಕೊಂಡು ಎಂಟು ವರ್ಷ. ರತ್ನಾಕರರ ಅಜ್ಜ ಹುಡುಗನಾಗಿದ್ದಾಗಲೇ ಊರು ಬಿಟ್ಟು ಹೋಟೆಲ್ ಕೆಲಸಕ್ಕೆ ಹೊರಟವರು. ಜಮೀನು ಹೋಯಿತು, ಮನೆ ಹೋಯಿತು, ಕೊನೆಗೆ ಮನೆತನದ ಮೂಲ ನಾಗಬನ, ಮರದ ಬುಡದ ನಾಗನ ಕಲ್ಲಿಗೆ ಹಾಲೆರೆದು ತಂಬಿಲವೆಂಬ ಪೂಜೆ ಕೊಡುವ ಜಾಗ, ಯಾವುದು, ಎಲ್ಲಿದೆ ಎನ್ನುವುದೂ ಮರೆತುಹೋಯಿತು. ತೊಂಬತ್ತೆಂಟರ ಬೇಸಿಗೆಯಲ್ಲಿ ರತ್ನಾಕರ ಊರಿಗೆ ಹೋಗಿ ಹನ್ನೊಂದು ದಿನ ಅಲೆದು, ತೊಂಬತ್ತು ದಾಟಿದ ಒಬ್ಬ ಅಜ್ಜಿಯಿಂದ ಅದನ್ನು ಪತ್ತೆ ಮಾಡಿದ್ದರು. ದಾರಿಯನ್ನು ಅಲ್ಲೇ ನಿಂತು ಡೈರಿಯಲ್ಲಿ ಬರೆದುಕೊಂಡಿದ್ದರು. ಆ ಅಜ್ಜಿ ಈಗಿಲ್ಲ. ರತ್ನಾಕರರೂ ಇಲ್ಲ.

"ಮಗಳು ರಶ್ಮಿತಾಳ ಮದುವೆ ಫೆಬ್ರವರಿಯಲ್ಲಿ. 'ಅವಳ ಮದುವೆಗೆ ಮೊದಲು ಮೂಲಕ್ಕೆ ಹೋಗಿ ತಂಬಿಲ ಕೊಟ್ಟು ಬನ್ನಿ, ದಾರಿ ಡೈರಿಯಲ್ಲಿದೆ' ಅಂತ ಆಸ್ಪತ್ರೆಯಲ್ಲಿ ಹೇಳಿದ್ರು. ಅವರು ನನ್ನ ಹತ್ರ ಆಡಿದ ಕೊನೇ ಪೂರ್ತಿ ಮಾತು ಅದು." ವಸಂತಿ ರೇಷ್ಮೆಯ ತುಂಡನ್ನು ಮಡಚಿದರು, ಬಿಚ್ಚಿದರು. "ನಾಳೆ ಬೆಳಗ್ಗೆ ನಿಜಾಮುದ್ದೀನ್‌ನಿಂದ ರೈಲು."

"ನಾಳೆ ರೈಲು, ಇವತ್ತು ತಂದಿದ್ದೀರಾ?"

"ನೆನ್ನೆವರೆಗೂ ತೆರೆದರೆ ತೆರೀತದೆ ಅಂತ ಇದ್ದೆ. ಪ್ರತಿ ವರ್ಷ ತೆರೀತಿತ್ತಲ್ಲ."

ಆ ಮನೆಯ ಪದ್ಧತಿ ಹೀಗಿತ್ತು. ಆಯುಧಪೂಜೆಯ ದಿನ ಗ್ರೈಂಡರ್, ತೂಕದ ಯಂತ್ರ, ಬೈಕ್, ದೋಸೆಕಲ್ಲು ಎಲ್ಲವುಗಳ ಜೊತೆ ಡೈರಿಗೂ ಪೂಜೆ. ರತ್ನಾಕರ ಆ ದಿನವೇ ಅದಕ್ಕೆ ಹೊಸ ಸೆಲ್ ಹಾಕುತ್ತಿದ್ದರು. ಅವರು ಹೋದ ಮೇಲೆ ವಸಂತಿ ಅದನ್ನು ತಪ್ಪಿಸಲಿಲ್ಲ. ಎಂಟು ವರ್ಷವೂ ತಲೆಯ ಪಿನ್ನಿನಿಂದ ಹಿಂದಿನ ಮುಚ್ಚಳ ಎಬ್ಬಿಸಿ, ಎರಡು ಸೆಲ್ ಬದಲಾಯಿಸಿ, ತೆರೆದು ಗಂಟೆ ತೋರಿಸುತ್ತದೆಯೇ ನೋಡಿ, ಮುಚ್ಚಿ, ಗಂಧ ಹಚ್ಚುತ್ತಿದ್ದರು. ಒಳಗಿನದನ್ನು ಓದಲು ಹೋಗಿರಲಿಲ್ಲ. ಅವರಿಗೆ ಇಂಗ್ಲಿಷ್ ಅಕ್ಷರ ಅಷ್ಟಾಗಿ ಬರುವುದಿಲ್ಲ. ರಿತೇಶನಿಗೆ ಓದಲು ಕೊಡಬಹುದಿತ್ತು. ಹೋಗುವ ಕಾಲ ಬಂದಾಗ ತೆರೆದರಾಯಿತು, ಅಲ್ಲಿಯವರೆಗೆ ಅವರ ವಸ್ತುವನ್ನು ಕೆದಕಬಾರದು ಎಂದುಕೊಂಡಿದ್ದರಂತೆ.

ಅಷ್ಟು ಶ್ರದ್ಧೆಯಿಂದಲೇ ಡೈರಿಯ ನೆನಪು ಇಷ್ಟು ವರ್ಷ ಉಳಿದಿತ್ತು. ಮೂರನೆಯ ಸೆಲ್ ಒಂದು ಇದೆ ಎನ್ನುವುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಅದು ರತ್ನಾಕರರು ಹಾಕಿದ್ದ ಸೆಲ್ಲೇ. ಮತ್ತೆ, ಪ್ರತಿ ವರ್ಷ ತೇಯ್ದ ಗಂಧದ ನೀರು ಮುಚ್ಚಳದ ಸಂದಿಯಿಂದ ಒಳಗೆ ಇಳಿಯುತ್ತಿತ್ತು. ಈ ಸಲ ಹಾಕಿದ ಹೊಸ ಸೆಲ್‌ಗಳೂ ಅದರಿಂದಾಗಿ ಎರಡೇ ತಿಂಗಳಲ್ಲಿ ಕೆಟ್ಟಿದ್ದವು.

"ಈಗ ತೆರೆದರೆ ಏನು ತೋರಿಸುತ್ತೆ?"

"ಬ್ಯಾಟರಿ ಲೋ ಅಂತ ಬಂದು ಬಂದ್ ಆಗುತ್ತೆ ಆಂಟಿ," ಎಂದ ರಿತೇಶ್. "ಮೆಟ್ರೋದಲ್ಲಿ ಬರೋವಾಗ್ಲೂ ಟ್ರೈ ಮಾಡ್ತಾ ಬಂದೆ. ದಸ್-ಬಾರಹ್ ಬಾರ್."

"ಹತ್ತು ಹನ್ನೆರಡು ಸಲವಾ?"

"ಹಾಂ, ಶಾಯದ್ ಚಲ್ ಜಾಯೇ, ಆನ್ ಆಗ್ಬಹುದು ಅಂತ..."

"ಇನ್ನು ಮುಟ್ಟಬೇಡ. ನೀನು ಒತ್ತಿದ ಹಾಗೆಲ್ಲ ಉಳಿದ ಸ್ವಲ್ಪವೂ ಖರ್ಚಾಗ್ತಿದೆ."

ರಿತೇಶ್ ಕೈಯನ್ನು ಜಾಕೆಟಿನ ಜೇಬಿಗೆ ಹಾಕಿಕೊಂಡ. ಅವನು ಹೇಳುವಂತೆ, ಆಗ ಅವನಿಗೆ ಮೊದಲ ಸಲ ಹೆದರಿಕೆಯಾಯಿತು.

ರತ್ನಪ್ರಭಾ ಅವರು ಹೊಸ ಸೆಲ್ ಹಾಕಿ ಕೊಡುತ್ತೇನೆ ಎನ್ನಲಿಲ್ಲ, ಆಗುವುದಿಲ್ಲ ಎಂದೂ ಎನ್ನಲಿಲ್ಲ. ಮೀಟರ್ ತಂದರು. ಮೂರನೆಯ ಸೆಲ್ಲಿನ ಪುಟ್ಟ ಮುಚ್ಚಳದ ಸ್ಕ್ರೂ ಕುಂಕುಮ ತುಂಬಿ ಕಾಣದಂತಾಗಿತ್ತು. ಅದನ್ನು ಸೂಜಿಯಿಂದ ಕೆದಕಿ, ಹತ್ತಿಯಿಂದ ಒರೆಸಿ ಬಿಡಿಸಲು ಇಪ್ಪತ್ತು ನಿಮಿಷವಾಯಿತು. ಮುಚ್ಚಳ ತೆಗೆದು ಮೀಟರಿನ ಎರಡು ಮೊನೆಗಳನ್ನು ಇಟ್ಟರು. ಮೂರು ವೋಲ್ಟ್ ಇರಬೇಕಾದಲ್ಲಿ ಒಂದೂ ಇರಲಿಲ್ಲ.

"ಸತ್ತಿದೆ," ಎಂದರು. "ಆಯುಧಪೂಜೆ ಆದ ಮೇಲೆ ಸತ್ತಿರಬೇಕು. ಆ ಎರಡು ಸೆಲ್ಲಲ್ಲಿ ಉಳಿದಿರೋ ಎಂಜಲು ಕರೆಂಟಿನ ಮೇಲೆ ನಿಂತಿದೆ ನಿಮ್ಮ ಡೈರಿ. ಅವನ್ನ ತೆಗೆದ ಕ್ಷಣ ಎಲ್ಲ ಹೋಗುತ್ತೆ. ತೆಗೀದೇ ಬಿಟ್ಟರೆ ಇವತ್ತು ಸಂಜೆಗೋ ನಾಳೆಗೋ ತಾನಾಗೇ ಹೋಗುತ್ತೆ."

ವಸಂತಿ ಅವರ ಮುಖ ನೋಡಿದರು. "ಹಾಗಾದ್ರೆ?"

"ನಾನು ಹಿಂದೊಂದು ಸಲ ಒಬ್ಬರದ್ದು ಅಳಿಸಿಹಾಕಿದ್ದೇನೆ. ಅದಕ್ಕೇ ಮಾಡಲ್ಲ ಅಂದದ್ದು. ಅದನ್ನ ಮೊದಲೇ ಹೇಳಿಬಿಡ್ತೇನೆ."

ಆಗ ವಸಂತಿ ಅಂದ ಮಾತನ್ನು ರತ್ನಪ್ರಭಾ ಅವರು ಮೂರು ಸಲವೂ ಒಂದೇ ರೀತಿ ಹೇಳಿದರು: "ನೀವು ಅಳಿಸಿದ್ರೆ ನಾಳೆ ರೈಲು ಹತ್ತಿ, ಹೋಗಿ, ಕಂಡ ಕಂಡ ಬನಕ್ಕೆಲ್ಲ ಕೈ ಮುಗಿದು ಬರ್ತೇನೆ ಅಕ್ಕ. ಮುಟ್ಟದೇ ಇದ್ರೂ ಅದನ್ನೇ ಮಾಡಬೇಕು."

ರತ್ನಪ್ರಭಾ ಅವರು ಎದ್ದು ಹೀಟರ್ ಆರಿಸಿದರು.

ದೆಹಲಿಯ ಚಳಿಗಾಲದಲ್ಲಿ ಕಂಬಳಿ ಕೊಡವಿದರೆ ಚಿಟಿಚಿಟಿ ಕಿಡಿ ಹಾರುತ್ತದೆ, ಬಾಗಿಲ ಹಿಡಿ ಮುಟ್ಟಿದರೆ ಬೆರಳಿಗೆ ಹೊಡೆಯುತ್ತದೆ. ಮನುಷ್ಯನಿಗೆ ಅದು ಚುಚ್ಚಿದ ಹಾಗಷ್ಟೇ, ಇಂಥ ಯಂತ್ರಕ್ಕೆ ಅಷ್ಟೇ ಸಾಕು. ಹೀಟರ್ ಹಾಕಿದ ಕೋಣೆಯ ಗಾಳಿ ಒಣಗಿ ಇನ್ನೂ ಕೆಟ್ಟದ್ದು.

"ಸ್ವೆಟರ್, ಶಾಲು, ಜಾಕೆಟ್ ಎಲ್ಲ ಹೊರಗಿನ ಕೋಣೆಯಲ್ಲಿ ಬಿಚ್ಚಿಟ್ಟು ಬನ್ನಿ."

"ಆಂಟಿ, ಥಂಡಿ ಎಷ್ಟಿದೆ ಗೊತ್ತಾ? ಆಠ್ ಡಿಗ್ರಿ!"

"ಬಿಚ್ಚೋ," ಎಂದರು ವಸಂತಿ. "ಜಿಮ್‌ನಲ್ಲಿ ಬನಿಯನ್ ಹಾಕ್ಕೊಂಡು ಫೋಟೋ ತೆಗೆಸ್ಕೊಳ್ಳೋವಾಗ ಥಂಡಿ ಇರಲ್ಲ."

ಮೂವರೂ ಹತ್ತಿಯ ಬಟ್ಟೆಯಲ್ಲಿ, ಮೈಯಲ್ಲಿ ಸೇರಿದ ಕರೆಂಟು ಇಳಿದುಹೋಗಲೆಂದು ಒಬ್ಬೊಬ್ಬರಾಗಿ ಅಡುಗೆಮನೆಯ ನಲ್ಲಿಯನ್ನು ಮುಟ್ಟಿ ಬಂದು ಕುಳಿತರು. ಮೇಜಿನ ಮೇಲೆ ಒದ್ದೆ ಮಾಡಿ ಹಿಂಡಿದ ಹತ್ತಿಯ ಟವೆಲ್, ಅದರ ಮೇಲೆ ಪ್ಲಾಸ್ಟಿಕ್ ತಟ್ಟೆಯಲ್ಲಿ ಡೈರಿ.

ಯೋಚನೆ ಸರಳವಾಗಿತ್ತು. ಗೋಡೆ ಗಡಿಯಾರಕ್ಕೆ ಹಾಕುವಂಥ ಎರಡು ಪೆನ್ಸಿಲ್ ಸೆಲ್ ಜೋಡಿಸಿದರೆ ಮೂರು ವೋಲ್ಟ್. ಅವುಗಳಿಂದ ಎರಡು ಸಣ್ಣ ವೈರುಗಳನ್ನು ತಂದು ಸತ್ತ ಮೂರನೆಯ ಸೆಲ್ಲಿನ ಎರಡು ಪಟ್ಟಿಗಳಿಗೆ ಬೆಸೆದುಬಿಟ್ಟರೆ, ಹೊರಗಿನ ಕರೆಂಟು ನೆನಪನ್ನು ಕಾಯುತ್ತದೆ. ಆಗ ಉಳಿದೆರಡನ್ನು ಬದಲಾಯಿಸಬಹುದು.

ಅವರು ಸೋಲ್ಡರಿಂಗ್ ಐರನ್ ಕಾಯಿಸಿದರು, ಪ್ಲಗ್ ಕಿತ್ತರು, ಪಟ್ಟಿಗೆ ಮುಟ್ಟಿಸಿದರು. ಬೆಸುಗೆಯ ಸೀಸ ಹಿಡಿಯಲಿಲ್ಲ. ಕಾದ ಕಾವಲಿಯ ಮೇಲೆ ಬಿದ್ದ ನೀರಿನಂತೆ ಉರುಳಿ ಜಾರಿತು. ಗಂಧದ ನೀರಿಗೆ ಪಟ್ಟಿಯ ಮೇಲೆ ಹಸಿರು ಕಿಲುಬು ಕೂತಿತ್ತು. ಮತ್ತೆ ಕಾಯಿಸಿದರು, ಮತ್ತೆ ಜಾರಿತು. ಮೂರನೆಯ ಸಲ ಪಕ್ಕದ ಪ್ಲಾಸ್ಟಿಕ್ ಕರಗುವ ವಾಸನೆ ಬಂತು. ಅವರು ಐರನ್ ಅನ್ನು ಸ್ಟ್ಯಾಂಡಿಗೆ ಹಾಕಿಬಿಟ್ಟರು.

"ಕೈಯಲ್ಲೇ ಹಿಡಿಯಬೇಕು," ಎಂದರು.

ಎರಡು ವೈರುಗಳ ತುದಿಯನ್ನು ಎರಡು ಸೂಜಿಗಳಿಗೆ ಸುತ್ತಿ, ಸೂಜಿಗಳ ಮೇಲ್ಭಾಗಕ್ಕೆ ಟೇಪ್ ಹಚ್ಚಿಕೊಂಡರು. ಬಲಗೈಯಲ್ಲಿ ಒಂದು, ಎಡಗೈಯಲ್ಲಿ ಒಂದು. ಕಿಲುಬಿನ ಪದರ ಒಡೆಯುವಂತೆ ಎರಡೂ ಪಟ್ಟಿಗಳ ಮೇಲೆ ಒತ್ತಿದರು. ರಿತೇಶ್ ಮೀಟರಿನ ಮೊನೆಗಳನ್ನು ಅವರು ಹೇಳಿದಲ್ಲಿ ಇಟ್ಟು ಓದಿದ.

"ಟೂ ಪಾಯಿಂಟ್ ನೈನ್."

"ಈಗ ನನ್ನ ಎರಡೂ ಕೈ ಇಲ್ಲೇ ಇರಬೇಕು. ಆ ಸೆಲ್ಲುಗಳನ್ನ ಯಾರು ತೆಗೀತೀರಿ?"

ರಿತೇಶ್ ಮುಂದೆ ಬಂದ. ವಸಂತಿ ಅವನ ಭುಜ ಹಿಡಿದು ಹಿಂದೆ ಎಳೆದರು. "ಎಂಟು ವರ್ಷ ಯಾರು ತೆಗೆದದ್ದು?"

ಅವರು ತಲೆಯಿಂದ ಪಿನ್ ತೆಗೆದರು. ರತ್ನಪ್ರಭಾ ಅವರು ಹೇಳುತ್ತಾರೆ, ಆ ಮುಚ್ಚಳವನ್ನು ಅಷ್ಟು ಹಗುರಾಗಿ ಎಬ್ಬಿಸಲು ತಮ್ಮಿಂದಲೂ ಆಗುತ್ತಿರಲಿಲ್ಲ ಎಂದು. ಮೊದಲ ಸೆಲ್ ಸುಲಭವಾಗಿ ಬಂತು. ಎರಡನೆಯದು ಬರಲಿಲ್ಲ. ಸೋರಿ, ಉಪ್ಪಿನಂಥ ಬಿಳಿ ಹುಡಿ ಕಟ್ಟಿ ತನ್ನ ಗೂಡಿಗೆ ಅಂಟಿಕೊಂಡಿತ್ತು. ವಸಂತಿ ಪಿನ್ನನ್ನು ಅಂಚಿಗೆ ತೂರಿಸಿ ಮೀಟಿದರು. ಡೈರಿ ತಟ್ಟೆಯಲ್ಲಿ ಅಲ್ಲಾಡಿತು.

"ನಿಧಾನ."

"ನಿಧಾನವೇ ಮಾಡ್ತಿದ್ದೇನೆ."

"ಇನ್ನೂ ನಿಧಾನ."

"ಅಕ್ಕ, ಇದು ಒಂದು ಸಲಕ್ಕೆ ಟಪ್ ಅಂತ ಬರೋದು. ನನಗೆ ಗೊತ್ತು."

ಅದು ಟಪ್ ಎಂದೇ ಬಂತು. ಗೂಡಿನಿಂದ ಸಿಡಿದು ಭರಣಿಗೆ ಬಡಿದು ಕೆಳಗೆ ಎಲ್ಲೋ ಉರುಳಿತು. ಡೈರಿ ಅರ್ಧ ಬೆರಳಿನಷ್ಟು ಜರುಗಿತು. ರತ್ನಪ್ರಭಾ ಅವರ ಬಲಗೈಯ ಸೂಜಿ ಪಟ್ಟಿಯಿಂದ ಜಾರಿ ಪ್ಲಾಸ್ಟಿಕ್ಕಿನ ಮೇಲೆ ನಿಂತಿತು.

ಅವರು ಸೂಜಿಯನ್ನು ಮತ್ತೆ ಪಟ್ಟಿಗೆ ತಂದು ಒತ್ತಿದರು. ಇದಕ್ಕೆ ಎಷ್ಟು ಹೊತ್ತಾಯಿತು ಎನ್ನುವುದರಲ್ಲಿ ಮೂವರ ಮಾತು ಕೂಡುವುದಿಲ್ಲ. ರಿತೇಶ್ ಅರ್ಧ ಸೆಕೆಂಡು ಎನ್ನುತ್ತಾನೆ. ವಸಂತಿಗೆ ಒಂದು ಗಾಯತ್ರಿ ಹೇಳಿ ಮುಗಿಸುವಷ್ಟು ಅನಿಸಿತಂತೆ. ರತ್ನಪ್ರಭಾ ಅವರು, "ಎರಡು ಸೆಕೆಂಡು. ನಾನು ಎಣಿಸಿದೆ," ಎನ್ನುತ್ತಾರೆ. ಸೆಲ್ ಎಲ್ಲ ಹೋದ ಮೇಲೂ ಕೆಲವು ಯಂತ್ರಗಳು ಒಂದಷ್ಟು ಸೆಕೆಂಡು ತಡೆಯುತ್ತವೆ, ಕೆಲವು ತಡೆಯುವುದಿಲ್ಲ. ಇದು ಯಾವುದು ಎಂದು ಅವರಿಗೆ ತಿಳಿದಿರಲಿಲ್ಲ.

"ಏನಾಯ್ತು ಅಕ್ಕ?"

"ಜಾರಿತು."

"ಹೋಯ್ತಾ?"

"ಗೊತ್ತಿಲ್ಲ. ಹೊಸ ಸೆಲ್ ಹಾಕಿ."

ವಸಂತಿ ಮೊದಲ ಸೆಲ್ಲನ್ನು ತಲೆಕೆಳಗಾಗಿ ಇಡಲು ಹೋದರು, ತಾವೇ ತಿದ್ದಿಕೊಂಡರು. ಎರಡನೆಯದನ್ನೂ ಒತ್ತಿ ಕೂರಿಸಿದರು. ರಿತೇಶ್ ಡೈರಿಯ ಪರದೆ ತಮ್ಮ ಕಡೆ ಬರುವಂತೆ ತಟ್ಟೆಯ ಅಂಚಿಗೆ ಆನಿಸಿದ. ಆ ಹೊತ್ತಿನಲ್ಲಿ ಬೆನ್ನಿನ ಕಡೆಯಿಂದ ಸೂಜಿ ಒತ್ತಿ ಹಿಡಿದಿದ್ದ ರತ್ನಪ್ರಭಾ ಅವರ ಎರಡೂ ಮೊಣಕೈ ಗಾಳಿಯಲ್ಲಿದ್ದವು.

"ಒತ್ತು," ಎಂದರು.

ರಿತೇಶ್ ಒತ್ತಿದ. ಪರದೆ ಖಾಲಿ ಇತ್ತು. ಆಮೇಲೆ ಬೂದುಬಣ್ಣ ಸ್ವಲ್ಪ ಕಪ್ಪಾಯಿತು, ಅಂಕಿಗಳು ಮಂಜಿನಿಂದ ಬಂದ ಹಾಗೆ ಮೂಡಿದವು. ರತ್ನಪ್ರಭಾ ಅವರು ಕಣ್ಣು ಮುಚ್ಚಿಕೊಂಡರು. ಅವರು ಇದನ್ನು ನನಗೆ ಮೊದಲೆರಡು ಸಲ ಹೇಳಿರಲಿಲ್ಲ.

"ಎಷ್ಟು ಗಂಟೆ ತೋರಿಸ್ತಿದೆ?"

"ಟ್ವೆಲ್ವ್..."

ರಿತೇಶ್ ಅಲ್ಲಿಗೆ ನಿಲ್ಲಿಸಿದ. ಹನ್ನೆರಡು ಗಂಟೆ, ಜನವರಿ ಒಂದು. ರತ್ನಪ್ರಭಾ ಅವರಿಗೆ ಕಚೇರಿಯ ಆ ಪೇಪರ್‌ವೇಟ್ ಕಂಡಿತು, ಪಕ್ಕದಲ್ಲಿ ಸಾಲಾಗಿ ಇಟ್ಟ ಮೂರು ಬಿಲ್ಲೆ ಕಂಡವು.

"...ಟ್ವೆಲ್ವ್ ಫೋರ್," ಎಂದು ಅವನು ಮುಗಿಸಿದ. "ಹನ್ನೆರಡು ನಾಲ್ಕು. ಡಿಸೆಂಬರ್ ಅಂತಿದೆ. ಆದ್ರೆ ಟೈಮ್ ಗಲತ್ ಇದೆ ಆಂಟಿ, ಈಗಿನ್ನೂ ಹನ್ನೊಂದು ಮುಕ್ಕಾಲು."

"ಗಲತ್ ಅಲ್ಲ," ಎಂದರು ವಸಂತಿ. "ನಿನ್ನಪ್ಪ ಯಾವಾಗಲೂ ಮುಂದೆ ಇಟ್ಕೊಳ್ಳೋರು. ಹೋಟೆಲ್ ಗಡಿಯಾರ ಕೂಡ."

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಹೊಸ ಸೆಲ್‌ಗಳ ಗೂಡಿನಲ್ಲೂ ಕಿಲುಬು. ಅಂಕಿಗಳು ಬರುತ್ತಿದ್ದವು, ಮಾಸುತ್ತಿದ್ದವು, ಬರುತ್ತಿದ್ದವು. ಹೊಸ ಸೆಲ್ಲಿನ ಹಿಡಿತ ಯಾವ ಗಳಿಗೆಯಲ್ಲಾದರೂ ತಪ್ಪಬಹುದಿತ್ತು. ಸೂಜಿ ಬಿಡುವಂತಿರಲಿಲ್ಲ.

"ಫೋಟೋ ತೆಗೀತೀನಿ," ಎಂದು ರಿತೇಶ್ ಫೋನ್ ಎತ್ತಿದ. ತೆಗೆದು ನೋಡಿದರೆ ಪರದೆಯ ಬದಲು ಕಿಟಕಿಯ ಬೆಳಕು, ಅದರಲ್ಲಿ ಅವನದೇ ತಲೆ. ಎರಡನೆಯದರಲ್ಲೂ ಅದೇ.

"ಓದು. ಜೋರಾಗಿ ಓದು. ನಿಮ್ಮಮ್ಮ ಬರ್ಕೊಳ್ಳಲಿ. ಕ್ಯಾಲೆಂಡರ್ ಹಾಳೆ ತಗೊಳ್ಳಿ ವಸಂತಿ, ಆ ಡಬ್ಬಿಯಲ್ಲಿ ಪೆನ್ಸಿಲ್ ಇದೆ."

ಮೂವತ್ತನಾಲ್ಕು ವರ್ಷ ಇನ್ನೊಬ್ಬರು ಹೇಳಿದ್ದನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡ ಕೈಗಳು ಆಗ ಸೂಜಿ ಹಿಡಿದುಕೊಂಡಿದ್ದವು.

ರಿತೇಶ್ ಟಿಪ್ಪಣಿಗಳ ಗುಂಡಿ ಒತ್ತಿ ಹುಡುಕಿದ. ತರಕಾರಿಯವನ ಹೆಸರು, ಗ್ಯಾಸ್ ಏಜೆನ್ಸಿ, ರಶ್ಮಿತಾಳ ಶಾಲೆಯ ಬಸ್ಸಿನ ಸಮಯ. ಆಮೇಲೆ ಮೂಲ ಎಂಬ ತಲೆಬರಹ ಬಂತು. ಕನ್ನಡವನ್ನೇ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆದಿದ್ದರು. ಆ ಯಂತ್ರಕ್ಕೆ ಬೇರೆ ಅಕ್ಷರ ಬರುತ್ತಿರಲಿಲ್ಲ.

"ಬ್ರಹ್ಮಾವರ... ಬಸ್ಸು... ಇಳಿದು... ಕಲ್ಲ... ಕಲ್ಲು ಸಂಕ..."

"ಸಂಕ. ಕಾಲುಸೇತುವೆ. ಮುಂದೆ?" ಎಂದರು ವಸಂತಿ.

"ಹೋಲ್ ದಾಟಿ ಅಂತಿದೆ. ಹೋಲ್ ಕೈಸೇ ದಾಟೋದು?"

"ಹೊಳೆಯೋ ಮಂಗ! ಹೊಳೆ ದಾಟಿ! ಓದು!"

ಅವನು ಓದುತ್ತಿದ್ದ, ತಾಯಿ ಕೇಳಿ ಸರಿಪಡಿಸಿಕೊಂಡು ಬರೆಯುತ್ತಿದ್ದರು. ಕೆಳಗಿನಬೆಟ್ಟು ಮನೆಯ ಬಾವಿಯ ಹಿಂದೆ, ಗದ್ದೆಯ ಅಂಚು ಹಿಡಿದು ಪಡುವಕ್ಕೆ, ದೊಡ್ಡ ಸುರಗಿ ಮರ, ಅದರ ಬುಡದಲ್ಲಿ ಐದು ಕಲ್ಲು, ನಡುವಿನದು ನಮ್ಮದು. ಎರಡು ಸಲ ಪರದೆ ಪೂರ್ತಿ ಮಾಸಿತು. ಎರಡು ಸಲವೂ ರತ್ನಪ್ರಭಾ ಅವರು ಸೂಜಿಯನ್ನು ಇನ್ನಷ್ಟು ಒತ್ತಿದರು, ಅಕ್ಷರ ಮರಳಿ ಬಂತು. ಎಡಗೈಯ ಹೆಬ್ಬೆರಳಿಗೆ ಸೂಜಿಯ ಮೇಲ್ತುದಿ ಟೇಪ್ ತೂರಿ ಇಳಿದಿತ್ತು. ರಿತೇಶ್ ಅದನ್ನು ನೋಡಿದ.

"ಆಂಟಿ, ಖೂನ್."

"ಓದು."

ಕೊನೆಯ ಸಾಲು ಹೀಗಿತ್ತು: ರಶ್ಮಿ, ರಿತು ದೊಡ್ಡವರಾದ ಮೇಲೆ ಕರಕೊಂಡು ಬರುವುದು. ರಿತೇಶ್ ತನ್ನ ಹೆಸರಿದ್ದ ಆ ಸಾಲನ್ನು ಇನ್ನೊಮ್ಮೆ ಓದಿದ. ವಸಂತಿ ಅದನ್ನೂ ಬರೆದುಕೊಂಡರು. ಬರೆದದ್ದನ್ನು ಮೊದಲಿನಿಂದ ಒಂದು ಸಲ ಓದಿ, ರಿತೇಶನಿಗೆ ಪರದೆಯೊಂದಿಗೆ ತಾಳೆ ನೋಡಲು ಹೇಳಿ, "ಸಾಕು ಅಕ್ಕ, ಸಿಕ್ಕಿತು. ಕೈ ಬಿಡಿ," ಎಂದರು.

ರತ್ನಪ್ರಭಾ ಅವರು ಬಿಡಲಿಲ್ಲ.

"ತರಕಾರಿಯವನು ಇದ್ದಾನೆ, ಶಾಲೆ ಬಸ್ಸಿದೆ," ಎಂದರು. "ಅವೂ ಇರಲಿ. ಆ ಪೆನ್ಸಿಲ್ ರಬ್ಬರು ತಗೊಂಡು ಗೂಡಿನ ಪಟ್ಟಿ ಉಜ್ಜು ರಿತೇಶ್. ಒಂದು ಸೆಲ್ ತೆಗೆದು, ಉಜ್ಜಿ, ಹಾಕಿ, ಆಮೇಲೆ ಇನ್ನೊಂದು."

ಅದಕ್ಕೆ ಇನ್ನೂ ಅರ್ಧ ಗಂಟೆ ಹಿಡಿಯಿತು. ಒಂದು ಗಂಟೆಯ ಹೊತ್ತಿಗೆ ಪರದೆ ಮಾಸದೆ ನಿಂತಿತು. ಆಮೇಲೆ ಅವರು ಸೂಜಿ ಎತ್ತಿ, ಸತ್ತ ಸೆಲ್ಲನ್ನು ತೆಗೆದು, ಹೊಸ ಮೂರನೆಯ ಸೆಲ್ ಕೂರಿಸಿ, ಸ್ಕ್ರೂ ಹಾಕಿದರು. ಬೆರಳುಗಳು ನೆಟ್ಟಗಾಗಲಿಲ್ಲ. ವಸಂತಿ ಅವರ ಎರಡೂ ಕೈಗಳನ್ನು ತಮ್ಮ ಮಡಿಲಿಗೆ ಎಳೆದುಕೊಂಡು ಒಂದೊಂದೇ ಬೆರಳನ್ನು ತಿಕ್ಕಿ ಬಿಡಿಸಿದರು. ರಿತೇಶ್ ನೆಲದ ಮೇಲೆ ಮಲಗಿ ಉರುಳಿಹೋದ ಸೆಲ್ಲನ್ನು ಹುಡುಕಿದ. ಅದು ಅವನಿಗೆ ಸಿಗಲಿಲ್ಲ. ಮೂರು ವಾರದ ಮೇಲೆ ನನಗೆ ಸಿಕ್ಕಿತು, ಚಪ್ಪಲಿಯೊಳಗೆ.

ಊರಿಗೆ ಹೋಗುವಾಗ ವಸಂತಿ ಡೈರಿಯನ್ನು ಕೊಂಡೊಯ್ಯಲಿಲ್ಲ. ಉಳಿದ ಕಿಲುಬು ತೆಗೆಸಲು ಇಲ್ಲೇ ಬಿಟ್ಟು, ಕ್ಯಾಲೆಂಡರ್ ಹಾಳೆಯನ್ನು ಮಾತ್ರ ಕೈಚೀಲದಲ್ಲಿ ಇಟ್ಟುಕೊಂಡರು. ಆರನೆಯ ದಿನ ಫೋನ್ ಬಂದಾಗ ನಾನು ಬಾಲ್ಕನಿಯಲ್ಲಿದ್ದೆ. ರತ್ನಪ್ರಭಾ ಅವರ ಕೈಯಲ್ಲಿ ಬಿಚ್ಚಿದ ಬ್ರಿಕ್ ಗೇಮ್ ಇತ್ತು, ಹಾಗಾಗಿ ಸ್ಪೀಕರ್ ಹಾಕಿದರು.

"ಕೆಳಗಿನಬೆಟ್ಟು ಮನೆಯೇ ಇಲ್ಲ ಅಕ್ಕ. ಬಾವಿ ಮುಚ್ಚಿಬಿಟ್ಟಿದ್ದಾರೆ, ಗದ್ದೆಯಲ್ಲಿ ಯಾರದೋ ಕಾಂಪೌಂಡು. ಸುರಗಿ ಮರ ಇದೆ. ಐದು ಕಲ್ಲೂ ಇದೆ. ಬೆಳಗ್ಗೆ ತಂಬಿಲ ಆಯ್ತು. ರಿತೇಶನೇ ಅಭಿಷೇಕದ ಹಾಲು ಹಿಡಿದದ್ದು. ನಡುವಿನ ಕಲ್ಲು ಯಾವುದು ಅಂತ ನೂರು ಸಲ ಎಣಿಸಿದ. ಐದರಲ್ಲಿ ನಡುವಿನದು ಎಣಿಸೋಕೆ ಅಷ್ಟು ಹೊತ್ತಾ ಅಂತ ಭಟ್ಟರು ಕೇಳಿದ್ರು."

"ಒಳ್ಳೇದಾಯ್ತು," ಎಂದರು ರತ್ನಪ್ರಭಾ. ಸ್ಕ್ರೂವನ್ನು ಭರಣಿಗೆ ಹಾಕಿದರು. "ನಾನು ಒಂದು ಮಾತು ಹೇಳಬೇಕು ಅಂತಿದ್ದೆ. ಆಯುಧಪೂಜೆಗೆ ಇದಕ್ಕೆ ಗಂಧ ಹಚ್ಚಬೇಡಿ."

"ಹಚ್ಚದೆ ಹೇಗಕ್ಕ? ಗ್ರೈಂಡರಿಗೆ ಹಚ್ಚಿ ಇದಕ್ಕೆ ಬಿಡೋದಾ?"

ರತ್ನಪ್ರಭಾ ಅವರು ಯೋಚಿಸಿದರು. ಯಾವುದಾದರೂ ಯಂತ್ರದ ಬಗ್ಗೆ ಯೋಚಿಸುವಷ್ಟೇ ಹೊತ್ತು ಯೋಚಿಸಿದರು.

"ಮೇಲಿನ ಮುಚ್ಚಳಕ್ಕೆ ಒಂದು ಚುಕ್ಕೆ. ಒಣ ಕುಂಕುಮ. ಬೆನ್ನಿಗೆ ಬೇಡ. ಸೆಲ್ ಹಾಕೋದಕ್ಕೆ ಇಲ್ಲಿಗೆ ತನ್ನಿ, ಮೂರನ್ನೂ ಅಳೆದು ನೋಡೋಣ."

"ಪಿನ್ ನಾನೇ ಹಿಡೀತೇನೆ," ಎಂದರು ವಸಂತಿ.

"ನೀವೇ ಹಿಡೀರಿ," ಎಂದು ಅವರು ಸೋಲ್ಡರಿಂಗ್ ಐರನ್ನಿನ ಪ್ಲಗ್ ಹಾಕಿ, ಅದು ಕಾಯಲೆಂದು ಕುಳಿತರು.